ಪಕ್ಕದವಳು ಬರೆದ ಉತ್ತರ

“ಈ ಫ್ರೆಂಚನ್ನು ಯಾರು ಬರೆದದ್ದು?”

ಬಾಗಿಲಲ್ಲಿ ನಿಂತಿದ್ದ ಎತ್ತರದ ಗಂಡಸು ಕೈಯಲ್ಲಿದ್ದ ಹಾಳೆಯಿಂದ ಕಣ್ಣೆತ್ತದೆಯೇ ಕೇಳಿದ. ರೆಜಾನ್ ಥಿಬೋ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಮೂವತ್ತಮೂರು ವರ್ಷದವಳು, ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ಓದಲು ಕೂತವಳು. ಇಂಥ ಪ್ರಶ್ನೆಗಳು ಅವಳಿಗೆ ಹೊಸವಲ್ಲ.

“ನಾನು. ಯಾಕೆ?”

“ಮೂಲದಲ್ಲಿ ಹೀಗಿಲ್ಲ.”

“ಮೂಲ ಬರೆದದ್ದು ಅಮೆರಿಕದ ಪ್ರೊಫೆಸರು. ಅವರ ಮಾತು ಪುಸ್ತಕದ ಮಾತು. ನಮ್ಮೂರಲ್ಲಿ ಹಾಗೆ ಯಾರೂ ಮಾತಾಡಲ್ಲ.”

“ನಿಮ್ಮೂರು ಯಾವುದು?”

“ಸೆಂತ್-ಒದೀಲ್. ಸೀಗಡಿ ಕಾರ್ಖಾನೆ ಇರೋ ಊರು. ಅಲ್ಲಿ ಏಳು ವರ್ಷ ಸೀಗಡಿ ಸುಲಿದಿದ್ದೀನಿ. ಇನ್ನೇನಾದ್ರೂ ಕೇಳೋದಿದೆಯಾ ಮೊಸ್ಯೂ?”

ಆಗ ಅವನು ಮೊದಲ ಸಲ ಅವಳ ಮುಖ ನೋಡಿದ.

“ಇದೆ. ಈ ಐದನೇ ವಾಕ್ಯ... ‘ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ನಾನೇ ಹೇಳಬಲ್ಲೆ.’ ಮೂಲಕ್ಕಿಂತ ಚೆನ್ನಾಗಿದೆ. ಅದಕ್ಕೇ ಯಾರು ಬರೆದದ್ದು ಅಂತ ಕೇಳಿದ್ದು.”

ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದ ರೆಜಾನ್‌ಗೆ ಎದುರಾಳಿಯೇ ಇಲ್ಲದಂತಾಯಿತು. ಅವನ ಕೈಯಿಂದ ಹಾಳೆಯನ್ನು ಕಿತ್ತುಕೊಂಡಳು!

ಅದು 1986ರ ಸೆಪ್ಟೆಂಬರ್. ಅವನ ಹೆಸರು ಗಾಯೆತಾನ್ ಬೆರ್ನಿಯೆ. ಒಂದು ವರ್ಷದ ಕರಾರಿನ ಮೇಲೆ ಮಾಂಟ್ರಿಯಾಲ್‌ನಿಂದ ನಮ್ಮ ನದಿ ದಡದ ಸಣ್ಣ ವಿಶ್ವವಿದ್ಯಾಲಯಕ್ಕೆ ಬಂದ ಸಂಖ್ಯಾಶಾಸ್ತ್ರಜ್ಞ. ರೆಜಾನ್‌ಳ ಸಂಶೋಧನೆಯ ಲೆಕ್ಕ ಅವನ ಪಾಲಿಗೆ ಬಂದಿತ್ತು.

ಅವರಿಬ್ಬರ ನಡುವೆ ಇದ್ದದ್ದು ಹನ್ನೆರಡು ವಾಕ್ಯಗಳ ಒಂದು ಪ್ರಶ್ನಾವಳಿ. ಮನುಷ್ಯ ತನಗೆ ತಾನು ಎಷ್ಟು ಬೆಲೆ ಕೊಟ್ಟುಕೊಳ್ಳುತ್ತಾನೆ ಎಂದು ಅಳೆಯುವ ಹಾಳೆ. ಒಂದೊಂದು ವಾಕ್ಯದ ಮುಂದೆ ಒಂದರಿಂದ ನಾಲ್ಕರವರೆಗೆ ಒಂದು ಅಂಕಿ ಬರೆಯಬೇಕು; ಒಂದು ಎಂದರೆ ಸ್ವಲ್ಪವೂ ಒಪ್ಪುವುದಿಲ್ಲ, ನಾಲ್ಕು ಎಂದರೆ ಪೂರ್ತಿ ಒಪ್ಪುತ್ತೇನೆ. ಇಂಗ್ಲಿಷಿನಲ್ಲಿದ್ದ ಅದನ್ನು ನಮ್ಮ ಜನರ ಫ್ರೆಂಚಿಗೆ ತರುವುದು, ತಂದದ್ದು ನಿಜಕ್ಕೂ ಅಳೆಯುತ್ತದೆ ಎಂದು ತೋರಿಸುವುದು ರೆಜಾನ್‌ಳ ಸ್ನಾತಕೋತ್ತರ ಪ್ರಬಂಧದ ಕೆಲಸ. ಒಬ್ಬರಿಗೇ ಮೂರು ವಾರದ ಅಂತರದಲ್ಲಿ ಎರಡು ಸಲ ಕೊಡಬೇಕು. ಉತ್ತರಗಳು ಹೆಚ್ಚುಕಡಿಮೆ ಹಾಗೇ ಉಳಿದರೆ ಅಳತೆಗೋಲು ಗಟ್ಟಿ ಎಂದರ್ಥ.

ನೂರ ಮೂವತ್ತೆಂಟು ಮಂದಿ ವಿದ್ಯಾರ್ಥಿಗಳು. ಮತ್ತು, ರೆಜಾನ್ ಹಟ ಹಿಡಿದು ಸೇರಿಸಿದ್ದು, ಸೆಂತ್-ಒದೀಲ್ ಕಾರ್ಖಾನೆಯ ಎಪ್ಪತ್ನಾಲ್ಕು ಹೆಂಗಸರು.

“ಅವರು ಯಾಕೆ?” ಎಂದು ಮಾರ್ಗದರ್ಶಕ ಪ್ರೊಫೆಸರ್ ವಾಲ್ಮೋರ್ ದ್ಯುಫೂರ್ ಹುಬ್ಬೇರಿಸಿದ್ದರು.

“ಅವರೂ ಫ್ರೆಂಚ್ ಮಾತಾಡ್ತಾರೆ ಮೊಸ್ಯೂ ದ್ಯುಫೂರ್,” ಎಂದಿದ್ದಳು ರೆಜಾನ್.

* * *

ಅಕ್ಟೋಬರ್‌ನಲ್ಲಿ ಎರಡು ಸಲ ಅವಳು ಕಾರ್ಖಾನೆಗೆ ಹೋದಳು. ಹಾಳೆಯ ಮೇಲೆ ಯಾರೂ ಹೆಸರು ಬರೆಯುವಂತಿಲ್ಲ. ತಾಯಿಯ ಹೆಸರಿನ ಮೊದಲಕ್ಷರ, ತಾವು ಹುಟ್ಟಿದ ತಾರೀಖು, ಇಷ್ಟೇ ಗುರುತು. ಹೆಂಗಸರು ಸಂಕೋಚವಿಲ್ಲದೆ ಬರೆಯಲಿ ಎಂದು ಅವಳು ಊಟದ ಕೋಣೆಯ ಬಾಗಿಲು ಮುಚ್ಚಿ ಹೊರಗೆ ಗಾಳಿಯಲ್ಲಿ ನಿಂತಳು. ನಿಯಮವೂ ಹಾಗೇ ಇತ್ತು. ಒಳಗಿನಿಂದ ನಗು, ಗದ್ದಲ, ಯಾರೋ ಯಾರನ್ನೋ ಗದರುವುದು ಕೇಳುತ್ತಿತ್ತು. ‘ಖುಷಿಯಾಗಿ ಬರೆಯುತ್ತಿದ್ದಾರೆ’ ಎಂದುಕೊಂಡಳು.

ಚಳಿಗಾಲವಿಡೀ ಮಧ್ಯಾಹ್ನಗಳಲ್ಲಿ ಅವಳೂ ಗಾಯೆತಾನನೂ ಒಂದೇ ಮೇಜಿಗೆ ಕೂತರು. ಅವಳು ಅಂಕಿಗಳನ್ನು ಓದುವುದು, ಅವನು ಕಂಪ್ಯೂಟರಿಗೆ ತುಂಬುವುದು.

“ಮೂರು, ನಾಲ್ಕು, ನಾಲ್ಕು, ಒಂದು...”

“ನಿಧಾನ! ರೈಲು ತಪ್ಪುತ್ತಾ ನಿನಗೆ?”

“ನಿನ್ನ ಬೆರಳು ನಿಧಾನ ಅಂತ ಹೇಳು.”

ಎರಡನೇ ವಾರಕ್ಕೇ ‘ನೀವು’ ಹೋಗಿ ‘ನೀನು’ ಬಂದಿತ್ತು. ಡಿಸೆಂಬರ್ ಹೊತ್ತಿಗೆ ಅವಳು ಕಾಕಂಬಿ ಬಿಸ್ಕತ್ತು ತರುವುದು, ಅವನು ಅದರಲ್ಲಿ ಹೆಚ್ಚಿನ ಪಾಲು ತಿಂದು “ನಾನೇನು ಜಾಸ್ತಿ ತಿಂದಿಲ್ಲಪ್ಪ” ಎನ್ನುವುದು ರೂಢಿಯಾಯಿತು. ಹಿಮ ಬಿದ್ದ ದಿನ ತನ್ನ ಸಣ್ಣ ಕಾರಿನಲ್ಲಿ ಬಸ್ ನಿಲ್ದಾಣದವರೆಗೆ ಬಿಡುತ್ತಿದ್ದ. ಇಳಿಯುವಾಗ ಇಬ್ಬರೂ ಏನೋ ಹೇಳಲು ಬಾಯಿ ತೆರೆಯುತ್ತಿದ್ದರು... ಹೇಳುತ್ತಿದ್ದದ್ದು ಮಾತ್ರ “ನಾಳೆ ಸಿಗೋಣ” ಎಂದು.

‘ಇವನು ನನ್ನ ಮಾತು ಕೇಳಿಸಿಕೊಳ್ಳುತ್ತಾನೆ,’ ಎಂದು ಅವಳು ಬಸ್ಸಿನ ಮಂಜುಗಟ್ಟಿದ ಗಾಜಿಗೆ ಹಣೆಯಿಟ್ಟು ಯೋಚಿಸುತ್ತಿದ್ದಳು. ‘ಇಷ್ಟೇ. ಇನ್ನೇನೂ ಅಂದುಕೊಳ್ಳಬೇಡ ರೆಜಾನ್.’

ಆದರೆ ಅಂದುಕೊಂಡಾಗಿತ್ತು.

* * *

ಫೆಬ್ರುವರಿಯ ಒಂದು ಸೋಮವಾರ ಪ್ರೊಫೆಸರ್ ದ್ಯುಫೂರ್ ಅವಳನ್ನು ಕರೆಸಿದರು. ಕೋಣೆಯಲ್ಲಿ ಗಾಯೆತಾನ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

“ಬಾಗಿಲು ಹಾಕಮ್ಮ,” ಎಂದರು ದ್ಯುಫೂರ್. ಮೇಜಿನ ಮೇಲೆ ಕಾರ್ಖಾನೆಯ ಹಾಳೆಗಳಿದ್ದವು. “ನಿನ್ನ ಹೆಂಗಸರು ಮೂರು ವಾರದಲ್ಲಿ ಬೇರೆಯೇ ಹೆಂಗಸರಾಗಿದ್ದಾರೆ. ಮೊದಲ ಸಲದ ಉತ್ತರಕ್ಕೂ ಎರಡನೇ ಸಲದ್ದಕ್ಕೂ ಸಂಬಂಧವೇ ಇಲ್ಲ. ಆಮೇಲೆ ಇದು ನೋಡು. ಮೇಲಿನ ಗುರುತು ನೀಲಿ ಶಾಯಿ, ಕೆಳಗಿನ ಅಂಕಿಗಳು ಕಪ್ಪು. ಗುರುತು ಬರೆದ ಕೈ ಬೇರೆ, ಉತ್ತರ ಬರೆದ ಕೈ ಬೇರೆ. ಹೆಚ್ಚುಕಡಿಮೆ ಎಲ್ಲ ಹಾಳೆಯಲ್ಲೂ.”

ರೆಜಾನ್ ಹಾಳೆಗಳನ್ನು ಎತ್ತಿಕೊಂಡಳು. ನಿಜ. ಅವಳ ಕಣ್ಣಿಗೆ ಯಾಕೆ ಬಿದ್ದಿರಲಿಲ್ಲ? ಅವಳು ಅಂಕಿಗಳನ್ನು ಓದಿದ್ದಳು, ಅಕ್ಷರಗಳನ್ನು ನೋಡಿರಲಿಲ್ಲ.

“ನೇರವಾಗಿ ಕೇಳ್ತೀನಿ. ಹೆಂಗಸರು ಗುರುತು ಹಾಕಿ ಖಾಲಿ ಹಾಳೆ ಕೊಟ್ಟರು, ನೀನು ಮನೆಯಲ್ಲಿ ಕೂತು ಉತ್ತರ ತುಂಬಿದೆ. ಹೌದೋ ಅಲ್ವೋ?”

ರೆಜಾನ್ ಹಾಳೆಗಳನ್ನು ಮೇಜಿನ ಮೇಲೆ ಕೆಡವಿದಳು.

“ಅಲ್ಲ!”

“ಹಾಗಾದ್ರೆ ಯಾರು?”

“ಗೊತ್ತಿಲ್ಲ. ಆದ್ರೆ ನಾನಲ್ಲ. ಇದನ್ನ ಯಾರು ಕಂಡುಹಿಡಿದದ್ದು?”

ದ್ಯುಫೂರ್ ಕಿಟಕಿಯ ಕಡೆ ನೋಡಿದರು. ಅವರ ಬೆರಳಡಿಯಲ್ಲಿ ಒಂದು ಚೀಟಿಯಿತ್ತು. ಅದರ ಮೇಲೆ ಓರಣವಾದ, ಸಣ್ಣ ಅಕ್ಷರ. ಅದು ಯಾರ ಕೈಬರಹವೆಂದು ರೆಜಾನ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.

“ಆಗಿದ್ದು ಆಗಿಹೋಯ್ತು,” ಎಂದರು ದ್ಯುಫೂರ್, ದನಿ ತಗ್ಗಿಸಿ. “ಗಲಾಟೆ ಬೇಡ. ಎಪ್ಪತ್ನಾಲ್ಕನ್ನೂ ತೆಗೆದುಹಾಕು. ವಿದ್ಯಾರ್ಥಿಗಳ ಫಲಿತಾಂಶ ಚೆನ್ನಾಗಿದೆ, ಅಷ್ಟರಲ್ಲೇ ಪ್ರಬಂಧ ಮುಗಿಸು. ಶುಕ್ರವಾರದೊಳಗೆ ಒಪ್ಪಿಗೆ ಬರೆದುಕೊಡು. ಇಲ್ಲದಿದ್ರೆ ವಿಚಾರಣಾ ಸಮಿತಿಗೆ ಕಳಿಸಬೇಕಾಗುತ್ತೆ.”

ಅವಳು ಹೊರಗೆ ಬಂದಾಗ ಗಾಯೆತಾನ್ ಹಿಂದೆಯೇ ಓಡಿಬಂದ.

“ರೆಜಾನ್, ನಿಲ್ಲು...”

“ನೀವು ನನ್ನನ್ನ ಒಂದು ಮಾತು ಕೇಳಬಹುದಿತ್ತು ಮೊಸ್ಯೂ ಬೆರ್ನಿಯೆ.”

ಆ ‘ನೀವು’ ಅವನ ಮುಖಕ್ಕೆ ಹೊಡೆದಂತಾಯಿತು.

“ಕೇಳಬೇಕಿತ್ತು,” ಎಂದ ಅವನು ಮೆಲ್ಲಗೆ.

“ಒಂದೇ ಮೇಜು. ನಾಲ್ಕು ತಿಂಗಳು. ನಡುವೆ ಇದ್ದದ್ದು ಒಂದು ಮೊಳ ಜಾಗ! ನನ್ನ ಕಡೆ ತಿರುಗಿ ‘ಇದೇನೇ ಇದು’ ಅನ್ನೋಕೆ ಆಗಲಿಲ್ವಾ? ಚೀಟಿ ಬರೀಬೇಕಾಯ್ತಾ?”

“ಹೆದರಿಕೆ ಆಯ್ತು.”

“ನನ್ನನ್ನ ಕಂಡಾ?”

“ಅಲ್ಲ, ನನ್ನನ್ನ ಕಂಡು ನನಗೇ. ನೀನು ಏನು ಹೇಳಿದ್ರೂ ನಂಬಿಬಿಡ್ತೀನಿ ಅನ್ನೋ ಹೆದರಿಕೆ. ಬೇರೆ ಯಾರಾಗಿದ್ರೂ ಮೊದಲು ಕೇಳ್ತಿದ್ದೆ. ನೀನಾದ್ದರಿಂದ... ಪಕ್ಷಪಾತ ಮಾಡಬಾರದು ಅಂತ ಜಾಸ್ತಿ ಕಠಿಣ ಆದೆ.”

“ಆಹಾ! ಎಂಥ ನ್ಯಾಯ!” ಎಂದಳು ಅವಳು. ಕಣ್ಣು ತುಂಬಿತ್ತು, ಆದರೆ ಅವನ ಮುಂದೆ ಒಂದು ಹನಿ ಬೀಳಲು ಬಿಡಲಿಲ್ಲ.

* * *

ಮರುದಿನ ಮೊದಲ ಬಸ್ಸಿಗೇ ಅವಳು ಸೆಂತ್-ಒದೀಲ್‌ಗೆ ಹೊರಟಳು. ಚಳಿಗಾಲದಲ್ಲಿ ಕಾರ್ಖಾನೆಗೆ ಬೀಗ. ದೋಣಿಗಳು ಹೊರಡಬೇಕಾದರೆ ಏಪ್ರಿಲ್‌ನಲ್ಲಿ ಮಂಜುಗಡ್ಡೆ ಒಡೆಯಬೇಕು. ಅಲ್ಲಿಯವರೆಗೆ ಹೆಂಗಸರೆಲ್ಲ ಲಿಯೆತ್ ಚಿಕ್ಕಮ್ಮನ ಅಡುಗೆಮನೆಯಲ್ಲಿ ಇಸ್ಪೀಟು ಆಡುತ್ತಾರೆ. ಲಿಯೆತ್ ರೆಜಾನ್‌ಳ ತಾಯಿಯ ತಂಗಿ. ಮೂವತ್ತು ವರ್ಷ ಸೀಗಡಿ ಸುಲಿದ ಕೈ, ಇಡೀ ಕಾರ್ಖಾನೆಗೆ ಕೇಳುವ ಬಾಯಿ.

“ಏನೇ ಇದು, ಮುಖ ಹಿಂಗೆ? ಯಾರಾದ್ರೂ ಸತ್ರಾ?”

“ಚಿಕ್ಕಮ್ಮ, ಅಕ್ಟೋಬರ್‌ನಲ್ಲಿ ನಾನು ಕೊಟ್ಟ ಹಾಳೆ ಬರೆದದ್ದು ನೀವೇ ತಾನೇ?”

“ನಾವಲ್ದೆ ಇನ್ಯಾರು, ಪಾದ್ರಿನಾ?”

“ನಿನ್ನ ಹಾಳೆ... ನೀನೇ ಬರೆದ್ಯಾ?”

ಲಿಯೆತ್ ಕೈಯಲ್ಲಿದ್ದ ಎಲೆಗಳನ್ನು ಜೋಡಿಸತೊಡಗಿದಳು. ಎದುರಿಗಿದ್ದ ಯುಗೆತ್, ಕಾರ್ಖಾನೆಯ ಸಾಲಿನಲ್ಲಿ ಅವಳ ಪಕ್ಕದವಳು, ಸೂಪಿನ ಪಾತ್ರೆ ನೋಡುವ ನೆಪದಲ್ಲಿ ಎದ್ದಳು.

“ನನ್ನದು ಯುಗೆತ್ ಬರೆದ್ಲು,” ಎಂದಳು ಲಿಯೆತ್. “ಅವಳದ್ದು ನಾನು ಬರೆದೆ. ಎಲ್ಲರೂ ಹಂಗೇ ಮಾಡಿದ್ವಿ.”

“ಏನು?!”

“ಮತ್ತೇನೇ? ‘ನನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ನಾನೇ ಹೇಳಬಲ್ಲೆ’ ಅಂತೆ! ಅದಕ್ಕೆ ನಾಲ್ಕು ಅಂತ ಬರೆದು, ಆಮೇಲೆ ಸಾಲಲ್ಲಿ ನಿಂತು ಇವರ ಮುಖ ನೋಡೋದು ಹೆಂಗೆ? ತನ್ನ ಬೆನ್ನು ತಾನೇ ತಟ್ಟಿಕೊಳ್ಳೋಕೆ ನಾಚಿಕೆ ಆಗಲ್ವಾ? ನಮ್ಮ ನಮ್ಮ ಗುರುತು ಬರೆದ್ವಿ, ಹಾಳೆನ ಪಕ್ಕದವಳಿಗೆ ದಾಟಿಸಿದ್ವಿ. ಯುಗೆತ್ ಎಂಥವಳು ಅಂತ ಯುಗೆತ್‌ಗಿಂತ ನನಗೆ ಚೆನ್ನಾಗಿ ಗೊತ್ತು.”

“ನನಗೆ ಎಲ್ಲದಕ್ಕೂ ನಾಲ್ಕು ಕೊಟ್ಟಿದ್ಲು!” ಎಂದು ಒಲೆಯ ಕಡೆಯಿಂದ ಯುಗೆತ್ ಕೂಗಿದಳು. “ಗಂಡನ ಕೈಲಿ ಏಟು ತಿಂದರೂ ಮೂರು ಮಕ್ಕಳನ್ನ ಓದಿಸಿದವಳಿಗೆ ನಾಲ್ಕಕ್ಕಿಂತ ಕಡಿಮೆ ಯಾರು ಕೊಡ್ತಾರೆ ಅಂತ ಜಗಳಾನೇ ಮಾಡಿದ್ಲು!”

“ಮತ್ತೆ... ಎರಡನೇ ಸಲ?”

“ಎರಡನೇ ಸಲ ಎಲ್ಲರೂ ಬೇರೆ ಬೇರೆ ಜಾಗದಲ್ಲಿ ಕೂತಿದ್ವಿ. ಯುಗೆತ್‌ಗೆ ಜ್ವರ ಬಂದು ಬಾಗಿಲ ಹತ್ರ ಕೂತಿದ್ಲು. ನನ್ನ ಪಕ್ಕ ಜಾನಿನ್ ಬಂದು ಕೂತ್ಲು. ಅವಳಿಗೂ ನನಗೂ ಬೇಸಿಗೆಯಿಂದ ಮಾತಿಲ್ಲ. ಏನು ಬರೆದ್ಲೋ ಮಾರಾಯ್ತಿ!”

ರೆಜಾನ್ ಕುರ್ಚಿಯ ಮೇಲೆ ಕುಸಿದಳು. ನಗು ಬಂತು, ಅದರ ಹಿಂದೆಯೇ ಅಳು ಬಂತು. ಯಾವುದನ್ನು ತಡೆಯಬೇಕೋ ತಿಳಿಯದೆ ಎರಡನ್ನೂ ಬಿಟ್ಟಳು. ಪ್ರಪಂಚದ ಯಾವ ಪಂಡಿತರಾದರೂ ಊಹಿಸಿದ್ದರೇ ಇದನ್ನು? ‘ನನ್ನ ಊರು, ನನ್ನ ಭಾಷೆ ಅಂತ ಎದೆ ತಟ್ಟಿಕೊಂಡೆ. ಏಳು ವರ್ಷ ಆ ಬೆಂಚಿನಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲವಲ್ಲ...’

ನಡೆದದ್ದನ್ನು ಹೇಳಿದಳು. ಕಳ್ಳಿ ಎನಿಸಿಕೊಂಡದ್ದನ್ನೂ. ಲಿಯೆತ್ ಎಲೆಗಳನ್ನು ಮೇಜಿನ ಮೇಲೆ ಇಟ್ಟಳು.

“ಹಂಗಾದ್ರೆ ನಮ್ಮನ್ನ ಬಿಸಾಕು,” ಎಂದಳು. “ನಮ್ಮದೇನು ದೊಡ್ಡ ವಿಷಯ? ನಾವು ಲೆಕ್ಕಕ್ಕೆ ಇಲ್ಲದ ಜನ. ಸಹಿ ಹಾಕು, ಡಿಗ್ರಿ ತಗೋ. ನಮ್ಮ ದೆಸೆಯಿಂದ ನಿನ್ನ ಬಾಳು ಯಾಕೆ ಹಾಳಾಗಬೇಕು?”

ರೆಜಾನ್ ತಟ್ಟನೆ ಮುಖ ಒರೆಸಿಕೊಂಡಳು.

“ಈಗ ಹೇಳಿದ್ಯಲ್ಲ ಚಿಕ್ಕಮ್ಮ, ‘ಲೆಕ್ಕಕ್ಕೆ ಇಲ್ಲದ ಜನ’ ಅಂತ... ಅದಕ್ಕೇ ಬಿಸಾಕಲ್ಲ. ಸಾಯೋವರೆಗೂ ಬಿಸಾಕಲ್ಲ!”

“ಅಯ್ಯೋ, ಅವಳಮ್ಮನ ಹಟ ಹಂಗೇ ಬಂದಿದೆ,” ಎಂದಳು ಲಿಯೆತ್, ಮತ್ತು ಯಾರಿಗೂ ಕಾಣದಂತೆ ಏಪ್ರನ್ ತುದಿಯಿಂದ ಮೂಗು ಒರೆಸಿಕೊಂಡಳು.

* * *

ಶುಕ್ರವಾರ ರೆಜಾನ್ ದ್ಯುಫೂರ್ ಅವರ ಕೋಣೆಗೆ ಬರಿಗೈಯಲ್ಲಿ ಹೋದಳು. ಗಾಯೆತಾನ್ ಅಲ್ಲೇ ಇದ್ದ. ಅವನ ಕಡೆ ನೋಡದೆ, ಹೆಂಗಸರು ಏನು ಮಾಡಿದರು, ಯಾಕೆ ಮಾಡಿದರು ಎಂದು ಒಂದೂ ಬಿಡದೆ ಹೇಳಿದಳು. ಗಾಯೆತಾನ್ ತಟ್ಟನೆ ಹಾಳೆಗಳನ್ನು ಹರಡಿಕೊಂಡು ಎರಡೆರಡಾಗಿ ಜೋಡಿಸತೊಡಗಿದ. ಒಂದರ ಗುರುತಿನ ಕೈ ಇನ್ನೊಂದರ ಉತ್ತರದಲ್ಲಿತ್ತು.

“ಜೋಡಿ ಸಿಗ್ತಿದೆ,” ಎಂದ ಅವನು. “ಇವಳು ಹೇಳಿದ್ದು ನಿಜ.”

“ಸಂತೋಷ,” ಎಂದರು ದ್ಯುಫೂರ್. “ವಿಚಾರಣೆ ಬೇಡ. ಆದ್ರೂ ಹಾಳೆ ಹಾಳೆಯೇ. ತೆಗೆದುಹಾಕು.”

“ಹಾಳೆ ತೆಗೀತೀನಿ. ಹೆಂಗಸರನ್ನ ತೆಗೆಯಲ್ಲ. ಏಪ್ರಿಲ್‌ನಲ್ಲಿ ಕಾರ್ಖಾನೆ ತೆರೆದ ಮೇಲೆ ಮತ್ತೆ ಕೊಡ್ತೀನಿ.”

“ಮೇ ತಿಂಗಳಿಗೆ ಪ್ರಬಂಧ ಮುಗಿಯಲ್ಲ. ಒಂದು ವರ್ಷ ಹೋಗುತ್ತೆ.”

“ಹೋಗ್ಲಿ.”

“ಎಪ್ಪತ್ನಾಲ್ಕು ಜನ ಸೀಗಡಿ ಸುಲಿಯೋರಿಗೋಸ್ಕರ?”

ರೆಜಾನ್‌ಳ ಕಿವಿ ಕೆಂಪಾಯಿತು. ಆದರೆ ದನಿ ಏರಲಿಲ್ಲ.

“ಎಪ್ಪತ್ತೈದು ಮೊಸ್ಯೂ. ನನ್ನನ್ನೂ ಸೇರಿಸಿ. ನಿಮ್ಮ ವಿದ್ಯಾರ್ಥಿಗಳನ್ನ ಮಾತ್ರ ಅಳೆದು ‘ಇದು ಫ್ರೆಂಚ್ ಮಾತಾಡೋ ಜನರ ಅಳತೆಗೋಲು’ ಅಂತ ಬರೆದ್ರೆ ಅದು ಸುಳ್ಳು. ನೀವು ಸೋಮವಾರ ನನ್ನನ್ನ ಸುಳ್ಳುಗಾತಿ ಅಂದ್ರಿ. ಆ ಸುಳ್ಳಿಗೆ ಸಹಿ ಹಾಕಿದ್ರೆ ನಿಜವಾಗ್ಲೂ ಆಗ್ತೀನಿ. ನಾನು ಈ ಕೆಲಸಾನ ಚೆನ್ನಾಗಿ ಮಾಡಿದ್ದೀನಿ. ನನಗಿಂತ ಚೆನ್ನಾಗಿ ಮಾಡೋರು ಈ ಕಟ್ಟಡದಲ್ಲಿ ಇಲ್ಲ. ಇನ್ನೂ ಚೆನ್ನಾಗಿ ಮಾಡ್ತೀನಿ.”

ಹೇಳಿಯಾದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆಕಾಶ ಕಳಚಿ ಬೀಳಲಿಲ್ಲ. ಯಾರೂ ನಗಲಿಲ್ಲ.

“ಮೊಸ್ಯೂ ದ್ಯುಫೂರ್,” ಎಂದ ಗಾಯೆತಾನ್, “ವಿದ್ಯಾರ್ಥಿಗಳದ್ದು ಮಾತ್ರ ಪ್ರಕಟಿಸೋದಾದ್ರೆ ನನ್ನ ಹೆಸರು ಬೇಡ. ಲೆಕ್ಕಾನೂ ಬೇರೆಯವರ ಕೈಲಿ ಮಾಡಿಸಿ.”

ದ್ಯುಫೂರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ಜೂನ್ ಮೂವತ್ತು,” ಎಂದರು. “ಒಂದು ದಿನ ಹೆಚ್ಚಿಗೆ ಕೊಡಲ್ಲ.”

ಮೆಟ್ಟಿಲ ಹತ್ತಿರ ಅವಳು ತಿರುಗಿ ನಿಂತಳು.

“ನನಗೋಸ್ಕರ ಅಂತ ಮಾಡಿದ್ರೆ, ನನಗೆ ಬೇಡ.”

“ನಿನಗೋಸ್ಕರ ಅಲ್ಲ. ಲೆಕ್ಕ ಸರಿಯಿರಬೇಕು, ಅದಕ್ಕೆ.”

“ಸರಿ ಹಾಗಾದ್ರೆ.”

“ರೆಜಾನ್... ನಿನ್ನ ಹತ್ರ ಕ್ಷಮೆ ಕೇಳೋದು ಬಾಕಿ ಇದೆ.”

“ಇಲ್ಲಿ ಬೇಡ,” ಎಂದಳು ಅವಳು ಮೆಟ್ಟಿಲಿಳಿಯುತ್ತ. “ಅನುಮಾನ ಪಟ್ಟದ್ದು ನನ್ನೊಬ್ಬಳ ಮೇಲಲ್ಲ. ಅವರ ಹಾಳೆಗಳ ಮೇಲೆ. ಅವರ ಮುಂದೆ ಕೇಳಿ.”

* * *

ಏಪ್ರಿಲ್ ಕೊನೆಗೆ ಮಂಜುಗಡ್ಡೆ ಒಡೆದು ದೋಣಿಗಳು ಹೊರಟವು.

ರೆಜಾನ್ ಈ ಸಲ ಬಾಗಿಲ ಹೊರಗೆ ನಿಲ್ಲಲಿಲ್ಲ. ಬೆಂಚುಗಳನ್ನು ದೂರದೂರ ಹಾಕಿಸಿದಳು. ಹನ್ನೆರಡು ವಾಕ್ಯಗಳ ಹಾಳೆಯ ಮೇಲೆ, ಇದನ್ನು ನಿಮ್ಮ ಬಗ್ಗೆ ನೀವೇ, ನಿಮ್ಮ ಕೈಯಿಂದಲೇ ಬರೆಯಬೇಕು ಎಂದು ದೊಡ್ಡದಾಗಿ ಹಾಕಿದಳು. ಅದನ್ನು ವಾಪಸು ಪಡೆದ ಮೇಲೆ ಕೊಡಲು ಇನ್ನೊಂದು ಹಾಳೆಯನ್ನೂ ತಯಾರಿಸಿದ್ದಳು. ಅದೇ ಹನ್ನೆರಡು ವಾಕ್ಯ, ಆದರೆ ನಿಮ್ಮ ಪಕ್ಕ ಕೆಲಸ ಮಾಡುವವಳ ಬಗ್ಗೆ. ಅಮೆರಿಕದ ಪ್ರೊಫೆಸರಿಗೆ ಹೊಳೆಯದ ಹಾಳೆ ಅದು.

ಕಾರ್ಖಾನೆಯ ಮುಂದೆ ಸಣ್ಣ ಕಾರೊಂದು ನಿಂತಿತು. ಗಾಯೆತಾನ್ ನೂರು ಕಪ್ಪು ಪೆನ್ನುಗಳ ಡಬ್ಬಿ ಹಿಡಿದು ಇಳಿದ.

“ಇವನೇನಾ ಚೀಟಿ ಬರೆದವನು?” ಎಂದಳು ಲಿಯೆತ್, ಎಲ್ಲರಿಗೂ ಕೇಳುವಂತೆ.

“ಹೌದು, ನಾನೇ,” ಎಂದ ಗಾಯೆತಾನ್. ಎಪ್ಪತ್ನಾಲ್ಕು ಬಿಳಿ ಟೋಪಿಗಳು ಅವನ ಕಡೆ ತಿರುಗಿದವು. ಅವನು ಪೆನ್ನಿನ ಡಬ್ಬಿ ಕೆಳಗಿಟ್ಟ. “ನಿಮ್ಮ ಅಕ್ಷರಗಳನ್ನ ನೋಡಿ ಮೋಸ ಇದೆ ಅಂದುಕೊಂಡೆ. ಬಂದು ಕೇಳಲಿಲ್ಲ. ನಿಮ್ಮನ್ನೂ ಕೇಳಲಿಲ್ಲ, ರೆಜಾನ್‌ಳನ್ನೂ ಕೇಳಲಿಲ್ಲ. ತಪ್ಪು ನನ್ನದು. ಕ್ಷಮಿಸಿ.”

“ಏನಂದೆ? ಹಿಂದಿನ ಬೆಂಚಿಗೆ ಕೇಳಿಸಲಿಲ್ಲ!” ಎಂದಳು ಯುಗೆತ್.

ಅವನು ಮತ್ತೆ ಹೇಳಿದ, ಗಟ್ಟಿಯಾಗಿ, ಬೆವರುತ್ತ.

“ಮಾಂಟ್ರಿಯಾಲಿನವನಾದ್ರೂ ಪರವಾಗಿಲ್ಲ ಕಣೇ,” ಎಂದಳು ಲಿಯೆತ್ ರೆಜಾನ್‌ಳ ಪಕ್ಕೆಗೆ ತಿವಿದು. “ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳೋ ಗಂಡಸನ್ನ ಅರವತ್ತು ವರ್ಷದಲ್ಲಿ ಇದೇ ಮೊದಲು ನೋಡ್ತಿರೋದು.”

“ಚಿಕ್ಕಮ್ಮ, ಸುಮ್ನಿರು!”

ಹೆಂಗಸರು ಬರೆದರು. ಯಾವತ್ತೂ ಗಲಗಲ ಎನ್ನುವ ಆ ಕೋಣೆಯಲ್ಲಿ ಪೆನ್ನಿನ ಸದ್ದು ಮಾತ್ರ. ಲಿಯೆತ್ ಐದನೇ ವಾಕ್ಯದ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಏನು ಬರೆದಳೋ, ರೆಜಾನ್ ನೋಡಲಿಲ್ಲ. ನೋಡುವಂತಿರಲಿಲ್ಲ.

ಮೂರು ವಾರದ ನಂತರ ಮತ್ತೊಮ್ಮೆ. ಈ ಸಲ ಅದೇ ಹೆಂಗಸರು ಅದೇ ಹೆಂಗಸರಾಗಿಯೇ ಉಳಿದಿದ್ದರು. ಅಳತೆಗೋಲು ಗಟ್ಟಿಯಾಗಿ ನಿಂತಿತು. ಇನ್ನೊಂದು ಹಾಳೆ ಹೇಳಿದ್ದು ಬೇರೆ. ಪಕ್ಕದವಳು ಕೊಟ್ಟ ಬೆಲೆ, ತನಗೆ ತಾನು ಕೊಟ್ಟುಕೊಂಡ ಬೆಲೆಗಿಂತ ಹೆಚ್ಚುಕಡಿಮೆ ಪ್ರತಿಯೊಬ್ಬಳ ವಿಷಯದಲ್ಲೂ ಹೆಚ್ಚಿತ್ತು.

ಪ್ರಬಂಧ ಓದಿದ ದ್ಯುಫೂರ್ “ಹೂಂ” ಎಂದರು. ಆಮೇಲೆ, “ಈ ಎರಡನೇ ಹಾಳೆಗೆ ಒಂದು ಬೇರೆ ಅಧ್ಯಾಯವೇ ಬೇಕು,” ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

* * *

ಜೂನ್ ಕೊನೆಯ ಮಧ್ಯಾಹ್ನ. ದೋಣಿಗಳು ನಿಲ್ಲುವ ದಕ್ಕೆಯ ಅಂಚಿನಲ್ಲಿ ಇಬ್ಬರೂ ಕಾಲು ಇಳಿಬಿಟ್ಟು ಕೂತಿದ್ದರು. ಜನ ಸಾಲದೆಂದು ರೆಜಾನ್ ಬೆಳಿಗ್ಗೆ ಚಿಕ್ಕಮ್ಮನ ಸಾಲಿನಲ್ಲಿ ನಿಂತು ನಾಲ್ಕು ಗಂಟೆ ಕೆಲಸ ಮಾಡಿ ಬಂದಿದ್ದಳು.

“ಆಗಸ್ಟ್‌ಗೆ ನನ್ನ ಕರಾರು ಮುಗಿಯುತ್ತೆ,” ಎಂದ ಗಾಯೆತಾನ್.

“ಗೊತ್ತು.”

“ಮಾಂಟ್ರಿಯಾಲ್‌ಗೆ ಬರ್ತೀಯಾ?”

ಅವಳು ಕಾದಿದ್ದ ಪ್ರಶ್ನೆ. ಆದರೆ ಉತ್ತರ ಅವಳಲ್ಲಿ ಮೊದಲೇ ಸಿದ್ಧವಾಗಿತ್ತು.

“ಬರಲ್ಲ. ನನ್ನ ಕೆಲಸ ಇಲ್ಲಿದೆ. ಮುಂದಿನ ವರ್ಷ ಈ ಕರಾವಳಿಯ ಉಳಿದ ಕಾರ್ಖಾನೆಗಳಿಗೆಲ್ಲ ಹೋಗಬೇಕು. ನಿನಗೆ ನಾನು ಬೇಕಿದ್ರೆ ನೀನೇ ಇಲ್ಲಿರು.”

‘ಮುಗಿಯಿತು. ಎದ್ದು ಹೋಗುತ್ತಾನೆ,’ ಎಂದುಕೊಂಡಳು. ಹೋದರೆ ಹೋಗಲಿ. ಅಳುತ್ತೇನೆ, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

“ಇರ್ತೀನಿ,” ಎಂದ ಅವನು.

“ಹಾಗೆ ತಟ್ಟಂತ ಹೇಳಬೇಡ! ಯೋಚನೆ ಮಾಡು.”

“ಚಳಿಗಾಲ ಪೂರ್ತಿ ಅದೇ ಮಾಡಿದ್ದೀನಿ. ಇಷ್ಟ ಅಂತ ಹೇಳೋಕೆ ಗೊತ್ತಾಗದೆ ಬಿಸ್ಕತ್ತು ತಿಂದೆ. ನಿನ್ನನ್ನ ಪ್ರೀತಿಸ್ತೀನಿ ರೆಜಾನ್.”

ಅವಳು ನೀರಿನ ಕಡೆ ನೋಡಿದಳು. ಕಣ್ಣಲ್ಲಿ ತುಂಬಿದ್ದನ್ನು ಈ ಸಲ ತಡೆಯಲು ಹೋಗಲಿಲ್ಲ.

“ಇಲ್ಲಿ ಗಾಳಿ ಜೋರು,” ಎಂದಳು.

“ಗೊತ್ತು.”

“ನನ್ನ ಕೋಪ ಅದಕ್ಕಿಂತ ಜೋರು.”

“ಅದೂ ಗೊತ್ತು. ಕೈ ಕೊಡು.”

“ಬೇಡ ಕಣೋ... ಸೀಗಡಿ ವಾಸನೆ. ಎರಡು ದಿನ ಹೋಗಲ್ಲ.”

“ಇರಲಿ ಬಿಡು,” ಎಂದ ಅವನು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. “ನಾನೇನೂ ಎರಡು ದಿನದಲ್ಲಿ ಎಲ್ಲಿಗೂ ಹೋಗೋದಿಲ್ಲವಲ್ಲ.”